ಲ್ಯಾವೆಂಡರ್ ಬೆಳೆದ ವರದಿಗಾರ್ತಿಯ ಕಣಿವೆ

ಕ್ಯಾಲಿಫೋರ್ನಿಯಾದಿಂದ ಹಿಂದಿರುಗಿ ಒಂದು ಋತುವೇ ಕಳೆದಿದೆ. ಅಲ್ಲಿ ಕಂಡ ಸಮುದ್ರವೂ ಏರಿದ ಗಿರಿಪಂಕ್ತಿಯೂ ಬಂಧುಮಿತ್ರರ ಕುತೂಹಲವನ್ನು ತಣಿಸುವ ಮಾತುಗಳಲ್ಲಿ ಸವೆದು ಸುಮ್ಮನಾಗಿವೆ; ಆದರೆ ಲಾಸ್ ಏಂಜಲಿಸಿನಿಂದ ಉತ್ತರಕ್ಕೆ, ಸಾಂತಾ ಇನೆಜ್ ಎಂಬ ಕಣಿವೆಗೆ ನನ್ನ ಸೋದರ ಸೊಸೆಯೊಡನೆ ಕೈಗೊಂಡ ಒಂದು ಚಿಕ್ಕ ಯಾನ ಮಾತ್ರ, ಯಾರೊಬ್ಬರೂ ಅದರ ವಿಷಯ ಕೇಳದೆ ಇರುವುದರಿಂದಲೋ ಏನೋ, ಇನ್ನೂ ಮನಸ್ಸಿನಲ್ಲಿ ಇತ್ಯರ್ಥವಾಗದೆ ಉಳಿದಿದೆ. ನಾವು ನೋಡಲು ಹೊರಟದ್ದು ಯಾವ ಸ್ಮಾರಕವನ್ನೂ ಅಲ್ಲ. ಅಮೆರಿಕದ ದೂರದರ್ಶನದಲ್ಲಿ ಚಿತ್ರರಂಗದ ವಾರ್ತೆಯನ್ನು ಒಂದು ವೃತ್ತಿಯಾಗಿ ಕಟ್ಟಿದವರಲ್ಲಿ ಅಗ್ರಗಣ್ಯರಾದ ರೋನಾ ಬ್ಯಾರೆಟ್ ಎಂಬಾಕೆ, ಆ ಬೆಳಕಿನ ಲೋಕವನ್ನು ತೊರೆದು ಬಂದು ನೆಲೆಸಿದ ನೆಲ ಹೇಗಿದೆಯೆಂದು ಕಾಣುವ ಬಯಕೆ ಸೊಸೆಯದು. ಜೊತೆಗೆ ಹೋದವನು ನಾನು.

ಅವಳಿಗೆ ಆ ಬಯಕೆ ಏತಕ್ಕೆ ಬಂದಿತೆಂಬುದನ್ನು ಹೇಳಬೇಕು. ಮದುವೆಯಾಗಿ ಸಮುದ್ರದಾಚೆಗೆ ಹೋಗುವುದಕ್ಕೆ ಮುನ್ನ ಅವಳು ಬೆಂಗಳೂರಿನ ಒಂದು ಕನ್ನಡ ವಾಹಿನಿಯಲ್ಲಿ ಸಿನಿಮಾ ವರದಿಗಾರ್ತಿಯಾಗಿದ್ದವಳು. ಮನೆಯ ಹಿರಿಯರು ಆ ಉದ್ಯೋಗವನ್ನು ಒಂದು ಬಗೆಯ ದೀರ್ಘವಾದ ವಿನೋದವೆಂದು ಎಣಿಸಿದ್ದರು. ಮದುವೆ ಮನೆಗಳಲ್ಲಿ ಅವಳನ್ನು ಮುತ್ತಿಕೊಂಡು ಯಾವ ನಟನಿಗೂ ಯಾವ ನಟಿಗೂ ಸಂಬಂಧವಿದೆಯೆಂದು ವಿಚಾರಿಸುತ್ತಿದ್ದವರೇ, ಅವಳು ಎದ್ದು ಹೋದ ಮೇಲೆ, ಓದಿದ ಹುಡುಗಿಗೆ ಬೇರೆ ಕೆಲಸ ಸಿಗಲಿಲ್ಲವೆ ಎಂದು ಪರಸ್ಪರ ಮುಖ ನೋಡಿಕೊಳ್ಳುತ್ತಿದ್ದರು. ಈ ಎರಡು ಮಾತುಗಳನ್ನೂ ಒಂದೇ ನಾಲಗೆ ಆಡಬಲ್ಲುದೆಂಬುದು ಆ ವೃತ್ತಿಯ ಮೊದಲನೆಯ ದುಃಖ. ಸುದ್ದಿಯನ್ನು ಬಯಸುವ ಲೋಕ ಸುದ್ದಿ ತಂದವರನ್ನು ಗೌರವಿಸುವುದು ಅಪರೂಪ.

ಹೊರಡುವ ಮುನ್ನಾದಿನ ಹಾಲಿವುಡ್ ಬುಲೆವಾರ್ಡಿನಲ್ಲಿ ನಡೆದಾಡಿದೆವು. ಕಾಲುದಾರಿಯ ನೆಲದಲ್ಲಿ ನಸುಗೆಂಪು ನಕ್ಷತ್ರಗಳನ್ನು ಹುದುಗಿಸಿ, ಪ್ರತಿಯೊಂದರಲ್ಲಿಯೂ ಹಿತ್ತಾಳೆಯ ಅಕ್ಷರಗಳಲ್ಲಿ ಒಂದು ಹೆಸರನ್ನೂ ಅದರಡಿಯಲ್ಲಿ ಒಂದು ಲಾಂಛನವನ್ನೂ ಕೂರಿಸಿದ್ದಾರೆ: ಸಿನಿಮಾಕ್ಕೆ ಕ್ಯಾಮೆರಾ, ದೂರದರ್ಶನಕ್ಕೆ ಟೀವಿ ಪೆಟ್ಟಿಗೆ, ಗಾಯನಕ್ಕೆ ಗ್ರಾಮಫೋನ್ ತಟ್ಟೆ, ರೇಡಿಯೋಗೆ ಮೈಕು, ರಂಗಭೂಮಿಗೆ ಜೋಡಿ ಮುಖವಾಡ. ವರದಿಗಾರರಿಗೆಂದು ಪ್ರತ್ಯೇಕ ಲಾಂಛನವಿಲ್ಲ. ಅವರಲ್ಲಿ ನಕ್ಷತ್ರ ಪಡೆದ ಕೆಲವರು ಇನ್ನೊಬ್ಬರ ಲಾಂಛನದ ಆಶ್ರಯದಲ್ಲಿದ್ದಾರೆ. ಹರ್ಸ್ಟ್ ಪತ್ರಿಕೆಗಳ ಅಂಕಣಗಾರ್ತಿ ಲೂಯೆಲ್ಲಾ ಪಾರ್ಸನ್ಸ್ ಅವರಿಗೆ ಎರಡು ನಕ್ಷತ್ರಗಳುಂಟು, ಒಂದು ಸಿನಿಮಾದ ಹೆಸರಿನಲ್ಲಿ, ಇನ್ನೊಂದು ರೇಡಿಯೋದ ಹೆಸರಿನಲ್ಲಿ. ಪ್ರವಾಸಿಗಳೆಲ್ಲ ತಲೆ ತಗ್ಗಿಸಿ ಹೆಸರುಗಳನ್ನು ಓದುತ್ತಿದ್ದರೆ ನನ್ನ ಸೊಸೆ ಮಾತ್ರ ತಲೆಯೆತ್ತಿ, 1927ರಲ್ಲಿ ತೆರೆದ ಚೈನೀಸ್ ಚಿತ್ರಮಂದಿರದ ಅಂಗಳವನ್ನು ಅಳೆಯುತ್ತಿದ್ದಳು. "ಇಲ್ಲಿ ಕಂಬಿ ಕಟ್ಟಿರ್ತಾರೆ ಮಾವ, ಆ ಕಡೆ ನಾವು. ಬಿಸಿಲು ಎದುರಿಗೆ ಬರುತ್ತೆ, ಬೈಟ್ ತಗೊಳ್ಳೋದು ಕಷ್ಟ," ಎಂದಳು. 'ನಾವು' ಎಂದಳು, ಆ ಊರಿನ ವರದಿಗಾರರೊಬ್ಬರ ಪರಿಚಯವೂ ಅವಳಿಗಿರಲಿಲ್ಲ.

ಮರುದಿನ ಮುಂಜಾನೆ 101ನೆಯ ಹೆದ್ದಾರಿಯನ್ನು ಹಿಡಿದೆವು. ವೆಂಚುರಾ ಎಂಬ ಊರನ್ನು ದಾಟಿದೊಡನೆ ರಸ್ತೆ ಕಡಲಿನ ಪಕ್ಕಕ್ಕೆ ಇಳಿದು, ಎಡಕ್ಕೆ ಶಾಂತಸಾಗರದ ಬೂದುಬಣ್ಣದ ನೀರೂ ಬಲಕ್ಕೆ ಕಡಿದಾದ ಒಣಗುಡ್ಡಗಳೂ ಬಹುದೂರ ಜೊತೆಗೆ ಬರುತ್ತವೆ. ಮರವಂತೆಯ ರಸ್ತೆಯನ್ನು ಬಲ್ಲವನಿಗೆ ಅಂಥ ಸಾಮೀಪ್ಯ ಹೊಸದಲ್ಲ; ಆದರೆ ನಮ್ಮ ಕರಾವಳಿಯ ಹಸಿರಿನ ಹಟ ಅಲ್ಲಿಲ್ಲ, ತೆಂಗಿಲ್ಲ, ಹಂಚಿನ ಮನೆಯಿಂದ ಏಳುವ ಹೊಗೆಯಿಲ್ಲ. ಆ ದೀರ್ಘವಾದ ದಾರಿಯಲ್ಲಿ ಅವಳು ಬ್ಯಾರೆಟ್ ಅವರ ಕಥೆಯನ್ನು, ನಡುನಡುವೆ ತನ್ನ ಕಥೆಯನ್ನು, ಎರಡರ ಗಡಿ ಎಲ್ಲಿಯೆಂದು ತೋರಗೊಡದೆ ಹೇಳುತ್ತ ಹೋದಳು.

ಬ್ಯಾರೆಟ್ ಹುಟ್ಟಿದ್ದು 1936ರಲ್ಲಿ, ನ್ಯೂಯಾರ್ಕ್ ನಗರದ ಒಂದು ಯಹೂದಿ ಕುಟುಂಬದಲ್ಲಿ. ಮನೆತನದ ಹೆಸರು ಬರ್ಸ್ಟೀನ್. ಬಾಲ್ಯದಲ್ಲಿ ಮಾಂಸಖಂಡಗಳನ್ನು ಕುಗ್ಗಿಸುವ ವ್ಯಾಧಿಯೊಂದು ಹಿಡಿದು ನಡಿಗೆಯೇ ಕಷ್ಟವಾಗಿದ್ದ ಆ ಹುಡುಗಿ, ಇನ್ನೂ ಹದಿಹರೆಯ ತಲೆದೋರುತ್ತಿದ್ದಾಗಲೇ, ಎಡ್ಡಿ ಫಿಶರ್ ಎಂಬ ಗಾಯಕನ ಅಭಿಮಾನಿ ಸಂಘಗಳನ್ನು ಒಗ್ಗೂಡಿಸುವ ಕೆಲಸಕ್ಕೆ ಕೈಹಾಕಿದಳಂತೆ. ಬೆಳೆದು ಅಂಕಣ ಬರೆದರು, ಹಾಲಿವುಡ್ಡಿಗೆ ಬಂದರು, ತಮ್ಮದೇ ಹೆಸರಿನ ಸಿನಿಮಾ ಮಾಸಿಕಗಳನ್ನು ಹೊರಡಿಸಿದರು. ಆಕೆ ತೆರೆಗೆ ಬರುವವರೆಗೆ ಚಿತ್ರರಂಗದ ಗುಟ್ಟುಗಳು ಬಹುಮಟ್ಟಿಗೆ ಪತ್ರಿಕೆಗಳ ಸ್ವತ್ತಾಗಿದ್ದವು. ಪಾರ್ಸನ್ಸ್ ಮತ್ತು ಅವರ ಪ್ರತಿಸ್ಪರ್ಧಿಯಾದ, ವಿಚಿತ್ರ ಟೋಪಿಗಳಿಗೆ ಹೆಸರಾದ ಹೆಡ್ಡಾ ಹಾಪರ್ ಈ ಇಬ್ಬರು ಹೆಂಗಸರ ಲೇಖನಿಗೆ ಸ್ಟುಡಿಯೋಗಳ ಒಡೆಯರೇ ಅಂಜುತ್ತಿದ್ದರು. ಹಾಪರ್ ತೀರಿಕೊಂಡದ್ದು 1966ರಲ್ಲಿ. ಅದೇ ವರ್ಷ ಬ್ಯಾರೆಟ್ ಲಾಸ್ ಏಂಜಲಿಸಿನ ಕೆಎಬಿಸಿ ಎಂಬ ಟೆಲಿವಿಷನ್ ಕೇಂದ್ರದಲ್ಲಿ ಕ್ಯಾಮೆರಾದ ಮುಂದೆ ಕುಳಿತರು.

ಬರೆಯುವವಳು ಕಣ್ಣಿಗೆ ಬೀಳುವುದಿಲ್ಲ. ತೆರೆಯ ಮೇಲೆ ಮಾತನಾಡುವವಳಿಗೆ ಆ ಮರೆಯಿಲ್ಲ. ಅವಳ ಕೂದಲು, ಅವಳ ಉಚ್ಚಾರ, ಅವಳ ಮೂಗು, ಎಲ್ಲವೂ ಸಾರ್ವಜನಿಕ ಚರ್ಚೆಯ ವಸ್ತುಗಳೇ. ಗಾಯಕ ಫ್ರಾಂಕ್ ಸಿನಾತ್ರ ರಂಗದ ಮೇಲೆಯೇ ನಿಂತು ಬ್ಯಾರೆಟ್ ಅವರನ್ನು ಕಟುವಾಗಿ ಹಳಿದದ್ದುಂಟು. ನಟನೊಬ್ಬ ಪೆಟ್ಟಿಗೆಯಲ್ಲಿ ಜೀವಂತ ಜೇಡವನ್ನಿಟ್ಟು ಕಳಿಸಿದನೆಂಬ ಕಥೆ ಆ ಊರಿನಲ್ಲಿ ಪ್ರಸಿದ್ಧ. ಇದರ ನಡುವೆಯೇ ಆಕೆ 1975ರಲ್ಲಿ ಆರಂಭವಾದ 'ಗುಡ್ ಮಾರ್ನಿಂಗ್ ಅಮೆರಿಕ' ಎಂಬ ಪ್ರಾತಃಕಾಲದ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ಮನರಂಜನೆಯ ವಾರ್ತೆ ಹೇಳಿದರು. ಯಾರು ಯಾರನ್ನು ಬಿಟ್ಟರೆಂಬುದರೊಡನೆ ಯಾವ ಸ್ಟುಡಿಯೋದ ವ್ಯವಹಾರ ಹೇಗೆ ಸಾಗಿದೆಯೆಂಬುದನ್ನೂ ಉಪಾಹಾರದ ಮೇಜಿಗೆ ತಂದರು. 1980ರಲ್ಲಿ ಪ್ರತಿಸ್ಪರ್ಧಿ ಜಾಲವಾದ ಎನ್‌ಬಿಸಿಗೆ ಹೋದರು. ಅಲ್ಲಿನ ರಾತ್ರಿಯ ಕಾರ್ಯಕ್ರಮವೊಂದರಲ್ಲಿ ಮುಖ್ಯ ನಿರೂಪಕನೊಡನೆ ಹೊಂದಾಣಿಕೆಯಾಗದೆ ಆ ಅಧ್ಯಾಯ ಬೇಗನೆ ಮುಗಿಯಿತು. 1981ರ ಸೆಪ್ಟೆಂಬರಿನಲ್ಲಿ 'ಎಂಟರ್‌ಟೇನ್‌ಮೆಂಟ್ ಟುನೈಟ್' ಎಂಬ ದೈನಂದಿನ ಕಾರ್ಯಕ್ರಮ ಪ್ರಾರಂಭವಾಗಿ, ಉಪಗ್ರಹದ ಮೂಲಕ ಅದೇ ದಿನ ಊರೂರಿನ ಕೇಂದ್ರಗಳಿಗೆ ತಲುಪತೊಡಗಿದ ಮೇಲೆ, ಏಕಾಕಿನಿಯಾಗಿ ಒಬ್ಬಾಕೆ ನಡೆಸುತ್ತಿದ್ದ ಕೆಲಸ ಒಂದು ಕಾರ್ಖಾನೆಯ ಕೆಲಸವಾಯಿತು. ಕೆಲಕಾಲ ಬ್ಯಾರೆಟ್ ಅವರೂ ಅಲ್ಲಿ ದುಡಿದರು. ತರುವಾಯದ ದಶಕದ ಮೊದಲಲ್ಲಿ ಎಲ್ಲವನ್ನೂ ಬಿಟ್ಟು ಈ ಕಣಿವೆಗೆ ಬಂದರು.

ನನ್ನ ಸೊಸೆ ಸೇರಿದ್ದು ಆ ಕಾರ್ಖಾನೆಯ ಕನ್ನಡ ಶಾಖೆಯನ್ನೇ ಎನ್ನಬಹುದು. ಅವಳು ವರ್ಣಿಸಿದ ದಿನಚರಿಯನ್ನು ಕೇಳಿದ ಮೇಲೆ 'ಮನರಂಜನೆ' ಎಂದು ಅದಕ್ಕೆ ಹೆಸರಿಟ್ಟವರಾರೋ ಎನಿಸಿತು. ಬೆಳಗಿನ ಜಾವ ಬಸವನಗುಡಿಯ ದೊಡ್ಡ ಗಣಪತಿಯ ಎದುರು ಒಂದು ಚಿತ್ರದ ಮುಹೂರ್ತ. ತೆಂಗಿನಕಾಯಿ ಒಡೆದು ಕ್ಲಾಪ್ ಆದೊಡನೆ ಹತ್ತಾರು ಲೋಗೋ ಮೈಕುಗಳ ನಡುವೆ ತನ್ನದೊಂದನ್ನು ತೂರಿಸಿ ನಾಯಕನ ಬೈಟ್. ಅಲ್ಲಿಂದ ಮಲ್ಲೇಶ್ವರದಲ್ಲಿ ಪ್ರೆಸ್‌ಮೀಟ್. ನಡುವೆ ಕಾರಿನಲ್ಲಿಯೇ ಕುಳಿತು ಸ್ಕ್ರಿಪ್ಟ್. ಶುಕ್ರವಾರವಾದರೆ ಕೆಂಪೇಗೌಡ ರಸ್ತೆಯ ಚಿತ್ರಮಂದಿರದ ಬಾಗಿಲಲ್ಲಿ ಮೊದಲ ಆಟ ಬಿಟ್ಟು ಬರುವವರ ಅಭಿಪ್ರಾಯ, ಅದೂ ನಾಯಕನ ಅಭಿಮಾನಿಗಳು ಸುತ್ತ ನಿಂತಿರುವಾಗ, ಯಾರೂ ಚಿತ್ರ ಚೆನ್ನಾಗಿಲ್ಲವೆನ್ನಲಾರದ ಆವರಣದಲ್ಲಿ. ಟಿಆರ್‌ಪಿ ಎಂಬ ಅಂಕೆ ವಾರಕ್ಕೊಮ್ಮೆ ಬಂದು ಆ ಶ್ರಮದ ಬೆಲೆ ಕಟ್ಟುತ್ತಿತ್ತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡಾಗ, ಕಂಠೀರವ ಕ್ರೀಡಾಂಗಣದಲ್ಲಿ ಅಂತಿಮದರ್ಶನಕ್ಕೆ ಹರಿದು ಬಂದ ಜನಸಾಗರದ ಅಂಚಿನಲ್ಲಿ ನಿಂತು, ಅಳು ಒತ್ತರಿಸುತ್ತಿರುವಾಗ ಅಳುವವರನ್ನು ಮಾತನಾಡಿಸಬೇಕಾದ ಕೆಲಸ ಅವಳದಾಗಿತ್ತು. "ನಮ್ಮ ಕ್ಯಾಮೆರಾಮನ್ನು ಕಣ್ಣು ಒರೆಸ್ಕೊಂಡು ಮತ್ತೆ ಫೋಕಸ್ ಹಿಡೀತಿದ್ರು ಮಾವ," ಎಂದಳು. ಆಮೇಲೆ ಬಹಳ ಹೊತ್ತು ಅವಳ ಗಮನವೆಲ್ಲ ರಸ್ತೆಯ ಮೇಲಿತ್ತು.

ಸಾಂತಾ ಬಾರ್ಬರಾ ಬಳಿ ಕಡಲನ್ನು ಬಿಟ್ಟು ಸಾನ್ ಮಾರ್ಕೋಸ್ ಕಣಿವೆದಾರಿಯನ್ನು ಏರಿದೆವು. ಹಿಂದಕ್ಕೆ ತಿರುಗಿದರೆ ಸಮುದ್ರವೂ ಅದರಾಚೆಯ ದ್ವೀಪಗಳೂ. ಶಿಖರ ದಾಟಿ ಮುಂದಕ್ಕೆ ನೋಡಿದರೆ ಕಚೂಮಾ ಸರೋವರದ ನೀಲಿ ಮತ್ತು ಅದನ್ನು ಸುತ್ತುವರಿದ, ಬೇಸಗೆಯಲ್ಲಿ ಹೊಂಬಣ್ಣಕ್ಕೆ ತಿರುಗಿದ ಹುಲ್ಲಿನ ದಿಣ್ಣೆಗಳು. ಆ ದಿಣ್ಣೆಗಳ ಮೇಲೆ ಅಲ್ಲೊಂದು ಇಲ್ಲೊಂದು ಓಕ್ ಮರ, ಕೊಂಬೆಗಳಿಂದ ನರೆಗಡ್ಡದಂತೆ ಇಳಿಬಿದ್ದ ಕಲ್ಲುಹೂವಿನ ಎಳೆಗಳು. ಚುಮಾಷ್ ಎಂಬ ಮೂಲನಿವಾಸಿಗಳ ನೆಲವಿದು. 1804ರಲ್ಲಿ ಸ್ಪೇನಿನ ಪಾದ್ರಿಗಳು ಇಲ್ಲಿ ಸಾಂತಾ ಇನೆಸ್ ಮಿಷನ್ನನ್ನು ಸ್ಥಾಪಿಸಿದರು. ಇಪ್ಪತ್ತು ವರ್ಷಗಳ ತರುವಾಯ ಅದೇ ಮಿಷನ್ನಿನ ಅಂಗಳದಲ್ಲಿ ಚುಮಾಷರು ದಂಗೆಯೆದ್ದರು. ಬೆಳ್ಳನೆಯ ಗೋಡೆಯ ಆ ಕಟ್ಟಡ ಈಗ ಪರಮಶಾಂತವಾಗಿ ಬಿಸಿಲು ಕಾಯುತ್ತಿದೆ. ಹತ್ತಿರದಲ್ಲಿಯೇ ಸಾಲ್ವಾಂಗ್ ಎಂಬ ಊರು. 1911ರಲ್ಲಿ ಡೆನ್ಮಾರ್ಕಿನಿಂದ ಬಂದ ವಲಸೆಗಾರರು ಕಟ್ಟಿದ್ದು, ಈಗ ಗಾಳಿಯಂತ್ರಗಳನ್ನೂ ಮರದ ತೊಲೆಗಳ ಮುಖಮಂಟಪಗಳನ್ನೂ ತೋರಿಸಿ ಪ್ರವಾಸಿಗಳನ್ನು ಕರೆಯುತ್ತದೆ.

ಅಲ್ಲಿಯ ಒಂದು ತಿನಿಸಿನಂಗಡಿಯ ಕಿಟಕಿಯಲ್ಲಿ ಕಂಡ ದೃಶ್ಯ ನನ್ನನ್ನು ನಿಲ್ಲಿಸಿತು. ಗುಳಿಗುಳಿಯಾದ ಎರಕದ ಬಾಣಲೆಯಲ್ಲಿ ಹಿಟ್ಟು ಹೊಯ್ದು, ತಳ ಕೆಂಪಗಾದೊಡನೆ ಕಡ್ಡಿಯಿಂದ ತಿವಿದು ಮಗುಚಿ ದುಂಡಗೆ ಮಾಡುತ್ತಿದ್ದಾರೆ: ನಮ್ಮ ದಾವಣಗೆರೆಯ ಕಡೆಯ ಪಡ್ಡಿನ ಹಂಚೇ ಸರಿ! ಅದರ ಹೆಸರು ಏಬ್ಲೆಸ್ಕೀವರ್. ಆದರೆ ಕಾಯಿಚಟ್ನಿಗೆ ಬದಲಾಗಿ ಕೆಂಪು ಹಣ್ಣಿನ ಪಾಕವನ್ನೂ ಪುಡಿಸಕ್ಕರೆಯನ್ನೂ ಸುರಿದು ಕೊಟ್ಟರು. ಹಿಟ್ಟಿಗೆ ಮೊಟ್ಟೆ ಹಾಕುವರೆಂಬುದನ್ನು ಸೊಸೆ ನಾನು ತಿಂದು ಮುಗಿಸಿದ ಮೇಲೆ ತಿಳಿಸಿದಳು. ಪಕ್ಕದ ಮೇಜಿನಲ್ಲಿ ಕುಳಿತಿದ್ದ, ಎಂಬತ್ತರ ಅಂಚಿನ ವೃದ್ಧೆಯೊಬ್ಬರು ನನ್ನ ಮುಖಭಾವವನ್ನು ಕಂಡು ನಕ್ಕು ಮಾತಿಗೆ ಬಂದರು. ಮಾತು ಬ್ಯಾರೆಟ್ ಅವರ ಕಡೆಗೆ ತಿರುಗಿದಾಗ ಆಕೆಯ ಕಣ್ಣು ಅರಳಿತು. ಮಕ್ಕಳನ್ನು ಶಾಲೆಗೆ ಕಳುಹಿಸಿ, ಇಸ್ತ್ರಿಪೆಟ್ಟಿಗೆ ಹಿಡಿದು ನಿಂತು ದಿನವೂ ನೋಡುತ್ತಿದ್ದರಂತೆ. ನಂಬುತ್ತಿದ್ದಿರಾ ಎಂದು ನಾನು ಕೇಳಿದೆ. ನಂಬುವ ಪ್ರಶ್ನೆಯೇ ಇರಲಿಲ್ಲ, ಆ ಹೊತ್ತಿನಲ್ಲಿ ಮನೆಯಲ್ಲಿ ನನ್ನೊಡನೆ ಮಾತನಾಡುತ್ತಿದ್ದವಳು ಅವಳೊಬ್ಬಳೇ ಎಂದರು. ಪರನಿಂದೆಯನ್ನು ಕುರಿತು ನಮ್ಮ ನೀತಿಗ್ರಂಥಗಳು ಹೇಳುವುದೆಲ್ಲವೂ ದಿಟವಿರಬಹುದು. ಬರಿದಾದ ಮನೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಹೆಂಗಸಿನ ವಿಷಯವಾಗಿ ಅವು ಏನು ಹೇಳುತ್ತವೆಯೋ ನಾನರಿಯೆ.

ಇದೇ ಕಣಿವೆಯ ಲಾಸ್ ಒಲಿವೋಸ್ ಎಂಬ ಹಳ್ಳಿಯಾಚೆ ಒಂದು ಕಾಲಕ್ಕೆ ಗಾಯಕ ಮೈಕೆಲ್ ಜಾಕ್ಸನ್‌ರದಾಗಿದ್ದ ನೆವರ್‌ಲ್ಯಾಂಡ್ ಎಸ್ಟೇಟ್ ಇದೆ. 2005ರಲ್ಲಿ ಆ ಗಾಯಕನ ಮೇಲಿನ ಮೊಕದ್ದಮೆ ಉತ್ತರದ ಸಾಂತಾ ಮರಿಯಾದ ನ್ಯಾಯಾಲಯದಲ್ಲಿ ತಿಂಗಳುಗಟ್ಟಲೆ ನಡೆದು, ಜೂನ್ 13ರಂದು ಎಲ್ಲ ಆರೋಪಗಳಿಂದಲೂ ಬಿಡುಗಡೆಯೆಂಬ ತೀರ್ಪು ಬರುವವರೆಗೆ, ಭೂಮಂಡಲದ ಮನರಂಜನಾ ವರದಿಗಾರರೆಲ್ಲ ಆ ಚಿಕ್ಕ ಪಟ್ಟಣದಲ್ಲಿ ಬೀಡುಬಿಟ್ಟಿದ್ದರು. ಆ ಗದ್ದಲಕ್ಕೆ ಕೂಗಳತೆಯ ದೂರವಲ್ಲದಿದ್ದರೂ ಒಂದು ದಿಣ್ಣೆಯಾಚೆ ಎನ್ನಬಹುದಾದ ನೆಲದಲ್ಲಿ, ಅಂಥ ಸುದ್ದಿಗೆ ದೂರದರ್ಶನದಲ್ಲಿ ಮೊದಲಿಗರಲ್ಲಿ ಒಬ್ಬರಾಗಿ ಧ್ವನಿ ಕೊಟ್ಟ ಹೆಂಗಸು ಲ್ಯಾವೆಂಡರ್ ಗಿಡಗಳನ್ನು ಬೆಳೆದು, ಆ ಹೂವಿನಿಂದ ಮಾಡಿದ ಪದಾರ್ಥಗಳನ್ನು ಮಾರುವ ಉದ್ಯಮ ನಡೆಸಿದ್ದರು. ಜೊತೆಗೆ ಇನ್ನೊಂದನ್ನೂ ತಲೆಗೆ ಹಚ್ಚಿಕೊಂಡಿದ್ದರು: ವೃದ್ಧ ತಂದೆಯನ್ನು ಬಹುಕಾಲ ನೋಡಿಕೊಂಡ ಅನುಭವದಿಂದ, ಕೈಯಲ್ಲಿ ಹಣವಿಲ್ಲದ ಮುದುಕರಿಗೆ ಅಮೆರಿಕದಂಥ ದೇಶದಲ್ಲಿಯೂ ನೆಲೆಯಿಲ್ಲವೆಂಬುದನ್ನು ಕಂಡು, 2000ದಲ್ಲಿ ತಮ್ಮ ಹೆಸರಿನಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ಅದರ ಫಲವಾಗಿ ಕಳೆದ ದಶಕದಲ್ಲಿ ಸಾಂತಾ ಇನೆಜ್ ಊರಿನಲ್ಲಿ 'ಗೋಲ್ಡನ್ ಇನ್' ಎಂಬ ವಸತಿ ಎದ್ದಿತು, ಅಲ್ಪ ಆದಾಯದ ಹಿರಿಯರಿಗೆ ಕೈಗೆಟಕುವ ಬಾಡಿಗೆಯ ಮನೆಗಳು.

ನಾವು ಅದರೊಳಗೆ ಹೋಗಲಿಲ್ಲ. ಹಿರಿಯರು ವಾಸಿಸುವ ಮನೆಗಳನ್ನು ಪ್ರೇಕ್ಷಣೀಯ ಸ್ಥಳವೆಂದು ಹೊಕ್ಕು ನೋಡುವುದು ಸೊಸೆಗೆ ಸರಿಯೆನಿಸಲಿಲ್ಲ. ಜನ್ಮವಿಡೀ ಪರರ ಮನೆಯ ಬಾಗಿಲಲ್ಲಿ ಮೈಕು ಹಿಡಿದು ನಿಂತವಳ ಬಾಯಲ್ಲಿ ಆ ಮಾತು ಬಂದದ್ದನ್ನು ಕೇಳಿ ನಾನು ಸುಮ್ಮನಾದೆ. ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಸ್ವಲ್ಪ ನಡೆದೆವು. ಇಬ್ಬರು ಮುದುಕರು ನೆರಳಿನಲ್ಲಿ ಕುಳಿತು ಯಾವುದೋ ವಾಗ್ವಾದದಲ್ಲಿ ತೊಡಗಿದ್ದರು. ಒಬ್ಬಾಕೆ ತಳ್ಳುಗಾಡಿಯಲ್ಲಿ ತರಕಾರಿ ತರುತ್ತಿದ್ದರು. ಅಷ್ಟೇ. ಇದನ್ನು ಪಾಪಪರಿಹಾರವೆಂದು ತಿಳಿಯುವುದು ಸುಲಭ: ಇತರರ ಮನೆಯ ಮಾತನ್ನು ಮಾರಿ ಬದುಕಿದವಳು ಕಡೆಗೆ ಇತರರಿಗೆ ಮನೆ ಕಟ್ಟಿಸಿದಳೆಂದು. ನಾನು ಹಾಗೆಯೇ ಏನೋ ಅಂದೆ. ಸೊಸೆ ಒಪ್ಪಲಿಲ್ಲ. "ಪರಿಹಾರ ಏನು ಮಾವ, ಅದೇ ಕೆಲಸ ಅಲ್ವಾ? ಯಾರ ಮನೇಲಿ ಏನಾಗ್ತಿದೆ ಅಂತ ತಿಳ್ಕೊಳ್ದೆ ಅವರಿಗೆ ಸುಮ್ಮನಿರೋಕೆ ಆಗ್ತಿರ್ಲಿಲ್ಲ," ಎಂದಳು. ಈ ಮಾತೇ ಇಂದಿಗೂ ನನ್ನೊಡನೆ ಜಗಳವಾಡುತ್ತಿರುವುದು. ಕುತೂಹಲವೂ ಕರುಣೆಯೂ ಒಂದೇ ಬೇರಿನಿಂದ ಹೊರಟವೆಂದು ಒಪ್ಪಿಕೊಂಡರೆ, ಕುತೂಹಲವನ್ನು ಮಾರುಕಟ್ಟೆಗಿಟ್ಟವರ ಮೇಲೆ ನಮಗಿರುವ ಸಿಟ್ಟಿಗೆ ಎಲ್ಲಿ ಜಾಗ? ಅಭಿಮಾನಿಯೊಬ್ಬನ ಎದೆ ಒಡೆಯುವಂತೆ ಬರೆಯಲ್ಪಟ್ಟ ಸುಳ್ಳು ಶೀರ್ಷಿಕೆಗಳನ್ನೂ, ನೋವಿನ ಮನೆಯ ಗೇಟಿನೊಳಗೆ ನುಗ್ಗಿದ ಕ್ಯಾಮೆರಾಗಳನ್ನೂ ನಾನು ಮರೆಯಬಲ್ಲೆನೆ? ಮರೆಯಲಾರೆ. ಆದರೂ ಅವಳ ಮಾತನ್ನು ತಳ್ಳಿಹಾಕುವುದೂ ಸಾಧ್ಯವಾಗಿಲ್ಲ, ಏಕೆಂದರೆ ಹಿಂದಿರುಗುವ ದಾರಿಯಲ್ಲಿ ಅವಳು ಇನ್ನೊಂದು ಸಂಗತಿ ಹೇಳಿದಳು.

ಚಿತ್ರರಂಗದಲ್ಲಿ ಹಿರಿಯ ಕಲಾವಿದರ ಮರಣದ ವದಂತಿ ಪದೇ ಪದೇ ಏಳುವುದುಂಟು. ಹಾಗೆ ಒಂದು ರಾತ್ರಿ, ಬಹುಕಾಲದ ಹಿಂದೆ ತಾಯಿಯ ಪಾತ್ರಗಳಲ್ಲಿ ನಟಿಸುತ್ತಿದ್ದ ಒಬ್ಬಾಕೆ ತೀರಿಕೊಂಡರೆಂಬ ಸಂದೇಶ ಹರಿದಾಡಿತು. ಅಸೈನ್‌ಮೆಂಟ್ ಡೆಸ್ಕಿನವರು ಖಚಿತಪಡಿಸಿಕೊಳ್ಳುವಂತೆ ಅವಳಿಗೆ ಹೇಳಿದರು; ಬೇರೆ ವಾಹಿನಿ ಹಾಕುವುದಕ್ಕೆ ಮುನ್ನ ಹಾಕಬೇಕು, ಅದೇ ವೇಳೆ ತಪ್ಪಾಗಲೂ ಕೂಡದು. ಸಂಕೋಚದಿಂದ ಕುಗ್ಗುತ್ತ ಮನೆಯ ದೂರವಾಣಿಗೆ ಕರೆ ಮಾಡಿದಳು, ಮಗನೋ ಸೊಸೆಯೋ ಎತ್ತಬಹುದೆಂದುಕೊಂಡು. ಎತ್ತಿದವರು ಸ್ವತಃ ಆಕೆಯೇ. ಏನು ಹೇಳಬೇಕೆಂದು ತೋಚದೆ ಇವಳು ತೊದಲುತ್ತಿರಲು, ಆಕೆಗೆ ಕ್ಷಣಮಾತ್ರದಲ್ಲಿ ಎಲ್ಲ ಅರ್ಥವಾಯಿತು. "ಇದ್ದೀನಮ್ಮ, ಇದ್ದೀನಿ. ಈಗ ತಾನೇ ಮಜ್ಜಿಗೆ ಅನ್ನ ಊಟ ಮಾಡ್ದೆ. ನಿಂದಾಯ್ತಾ?" ಎಂದರಂತೆ. ಆ ತರುವಾಯ ಆಕೆ ಇವಳಿಗೆ ಆಗಾಗ ಕರೆ ಮಾಡತೊಡಗಿದರು. ಇವಳು ಕ್ಯಾಮೆರಾ ತೆಗೆದುಕೊಂಡು ಹೋಗಿ ಅರ್ಧ ಗಂಟೆಯ ಸಂದರ್ಶನ ಮಾಡಿದಳು. ಅದರಲ್ಲಿ ಪ್ರಸಾರವಾದದ್ದು, ಹೊಸ ನಟನೊಬ್ಬನ ನಿಶ್ಚಿತಾರ್ಥದ ಸುದ್ದಿ ಬಂದದ್ದರಿಂದ, ಕೇವಲ ಒಂದು ತುಣುಕು. ಇವಳು ಉದ್ಯೋಗ ಬಿಟ್ಟು ಅಷ್ಟು ದೂರ ಹೋದ ಮೇಲೂ ಆ ಕರೆಗಳು ನಿಂತಿಲ್ಲ. ಅಲ್ಲಿಯ ನಡುರಾತ್ರಿಗೆ ಇಲ್ಲಿಂದ ಗಂಟೆ ಬಾರಿಸುತ್ತದೆ, ಇವಳು ಎದ್ದು ಕುಳಿತು ಮಾತನಾಡುತ್ತಾಳೆ.

ಸಾಲ್ವಾಂಗಿನಲ್ಲಿ ಕೊಂಡ ಬೆಣ್ಣೆ ಬಿಸ್ಕತ್ತಿನ ಒಂದು ಡಬ್ಬಿಯನ್ನು ಆಕೆಗೆ ತಲುಪಿಸಬೇಕೆಂದು ಸೊಸೆ ನನ್ನ ಪೆಟ್ಟಿಗೆಯಲ್ಲಿಟ್ಟಿದ್ದಳು. ಬೆಂಗಳೂರಿಗೆ ಬಂದು ಸುಧಾರಿಸಿಕೊಂಡ ಮೇಲೆ ಒಂದು ಮಧ್ಯಾಹ್ನ ಹೋದೆ. ಗೋಡೆಯ ಮೇಲೆ ಹಳೆಯ ಸ್ಥಿರಚಿತ್ರಗಳು, ಮೂಲೆಯಲ್ಲಿ ಧ್ವನಿ ತಗ್ಗಿಸಿದ ಟೀವಿ. ಡಬ್ಬಿಯನ್ನು ತೆಗೆದುಕೊಂಡು, ಹಲ್ಲಿಗೆ ಗಟ್ಟಿಯೇ ಎಂದು ವಿಚಾರಿಸಿ, "ಅಲ್ಲಿ ಯಾವ ಚಾನೆಲ್ಲು ಸೇರಿದಾಳೆ?" ಎಂದು ಕೇಳಿದರು. ಯಾವುದೂ ಇಲ್ಲವೆಂದೆ. ಆಕೆಗೆ ಸಮಾಧಾನವಾಗಲಿಲ್ಲ. ಅವಳಿಗೆ ಕಳುಹಿಸಲೆಂದು ನನ್ನ ಮೊಬೈಲ್ ಫೋನಿನಲ್ಲಿ ಒಂದೆರಡು ಮಾತು ಹಿಡಿದುಕೊಡಬೇಕೆಂದು ನಾನು ಬೇಡಿದಾಗ, ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದರು. ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆಸಿದರು. ಫೋನನ್ನು ಅಷ್ಟು ಕೆಳಗೆ ಹಿಡಿದರೆ ಗಲ್ಲ ದಪ್ಪವಾಗಿ ಕಾಣುವುದೆಂದು ತಿದ್ದಿದರು. ನಾನು ಸುಮ್ಮನೆ ಕಾಯುತ್ತಿದ್ದುದನ್ನು ಕಂಡು, "ಹಾಗೆ ನಿಂತ್ರೆ ಏನ್ ಹೇಳ್ಲಿ ಸ್ವಾಮಿ? ಮೊದಲನೇ ಪಿಕ್ಚರ್ ಯಾವ್ದು ಅಂತ ಕೇಳಿ. ಅವಳು ಅಲ್ಲಿಂದ್ಲೇ ಶುರು ಮಾಡ್ತಿದ್ಲು," ಎಂದರು. ಕೇಳಿದೆ. ಆ ಕಾಲದಲ್ಲಿ ಕನ್ನಡ ಚಿತ್ರಗಳಲ್ಲಿ ಹೆಚ್ಚಿನವು ಮದರಾಸಿನಲ್ಲಿಯೇ ತಯಾರಾಗುತ್ತಿದ್ದವೆಂಬಲ್ಲಿಂದ ಹೊರಟ ಉತ್ತರ, ರಾತ್ರಿಯ ರೈಲು, ಕೋಡಂಬಾಕ್ಕಂನ ಬಾಡಿಗೆ ಕೋಣೆ, ಮೇಕಪ್ಪಿನವನ ಕೋಪ, ತಮಿಳು ಬಾರದೆ ಪಟ್ಟ ಪಾಡು, ಇವೆಲ್ಲವನ್ನೂ ಸುತ್ತಿಕೊಂಡು ಸಾಗುತ್ತಿರುವಾಗ ನನ್ನ ಫೋನಿನಲ್ಲಿ ಜಾಗ ಮುಗಿದು ಚಿತ್ರೀಕರಣ ತಾನಾಗಿ ನಿಂತುಹೋಯಿತು. ಆಕೆಗಿನ್ನೂ ಮೊದಲನೆಯ ಚಿತ್ರದ ಮೊದಲನೆಯ ಶಾಟ್ ಆಗಿರಲಿಲ್ಲ.